ಔಷಧದ ಡಬ್ಬಿಯ ಪಕ್ಕ ಒಂದು ನೋಟುಬುಕ್ಕು

ರಾತ್ರಿ ಹತ್ತೂವರೆ. ಮೂಡಲಗಿಯ ಒಂದು ಮನೆ ಎಂದುಕೊಳ್ಳಿ. ಒಂಬತ್ತು ವರ್ಷದ ಮಗನಿಗೆ ಫಿಟ್ಸಿನ ಮಾತ್ರೆ ಕೊಟ್ಟು, ಅವನು ನಿದ್ದೆಹೋಗುವವರೆಗೆ ಬೆನ್ನು ತಟ್ಟಿ, ಮುಸುರೆ ತಿಕ್ಕಿ, ನಾಳೆಗೆ ಜೋಳದ ಹಿಟ್ಟು ಇದೆಯೋ ಇಲ್ಲವೋ ನೋಡಿ, ತಾಯಿ ಈಗಷ್ಟೇ ಕುಳಿತಿದ್ದಾಳೆ. ಕಾಲೇಜಿನಲ್ಲಿದ್ದಾಗ ಕವಿತೆ ಬರೆಯುತ್ತಿದ್ದವಳು. ವಾರ್ಷಿಕ ಸಂಚಿಕೆಯಲ್ಲಿ ಎರಡು ಅಚ್ಚಾಗಿದ್ದವು. ಆ ನೋಟುಬುಕ್ಕು ಟ್ರಂಕಿನ ತಳದಲ್ಲಿ ಇನ್ನೂ ಇದೆ. ಕೊನೆಯ ಕವಿತೆಯ ಕೆಳಗಿರುವ ತಾರೀಖು ಮಗ ಹುಟ್ಟುವುದಕ್ಕೆ ಎರಡು ತಿಂಗಳ ಮೊದಲಿನದು. ಅಲ್ಲಿಂದ ಮುಂದಿನ ಹಾಳೆಗಳೆಲ್ಲ ಖಾಲಿ.

ಇಂಥ ಮನೆ ಗೋಕಾಕದಲ್ಲಿದೆ, ಹುಕ್ಕೇರಿಯಲ್ಲಿದೆ, ನಿಮ್ಮ ಓಣಿಯಲ್ಲೂ ಇರಬಹುದು. ಕೆಲವರಿಗೆ ಅದು ನಿಮ್ಮದೇ ಮನೆ. ಮಗುವಿಗೆ ಸೆರೆಬ್ರಲ್ ಪಾಲ್ಸಿ ಇರಬಹುದು, ಡೌನ್ ಸಿಂಡ್ರೋಮ್ ಇರಬಹುದು, ಸ್ವಲೀನತೆ ಎನ್ನುವ ಆಟಿಸಂ ಇರಬಹುದು, ಕಿವಿ ಕೇಳದಿರಬಹುದು. ತೊಂದರೆ ಬೇರೆ ಬೇರೆಯಾದರೂ ತಂದೆ ತಾಯಿಗಳ ದಿನಚರಿ ಹೆಚ್ಚುಕಡಿಮೆ ಒಂದೇ. ತಮ್ಮದು ಎನ್ನುವ ಕೆಲಸ ಒಂದೊಂದಾಗಿ ಬಿಟ್ಟುಹೋಗುತ್ತದೆ, ಅದರಲ್ಲಿ ಬರವಣಿಗೆ ಎಲ್ಲಕ್ಕೂ ಮೊದಲು.

ಆರೋಗ್ಯದ ಅಂಕಣದಲ್ಲಿ ಬರವಣಿಗೆಯ ಮಾತೇಕೆ ಎಂದು ಹುಬ್ಬೇರಿಸಬೇಡಿ. ಮಗುವಿನ ಚಿಕಿತ್ಸೆಗೂ ತಾಯಿಯ ನಿದ್ದೆಗೂ ಮನೆಯಲ್ಲಿರುವ ಒಂದು ನೂರು ಪುಟದ ನೋಟುಬುಕ್ಕಿಗೂ ಇರುವ ಸಂಬಂಧ ನಾವು ತಿಳಿದದ್ದಕ್ಕಿಂತ ಗಟ್ಟಿಯಾದದ್ದು. ಆದರೆ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ವೈದ್ಯರಿಗಾಗಿ ಬರೆಯುವುದು ಬೇರೆ, ಮನಸ್ಸು ಹಗುರಾಗಲು ಬರೆಯುವುದು ಬೇರೆ, ಕಥೆ ಕವಿತೆ ಬರೆಯುವುದು ಬೇರೆ. ಮೂರನ್ನೂ ಒಂದೇ ಪುಸ್ತಕದಲ್ಲಿ ಕಲಸಿದವರು ಬೇಗ ಕೈಬಿಡುತ್ತಾರೆ.

ವೈದ್ಯರಿಗಾಗಿ ಬರೆಯುವ ಪುಟ

1938ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಬ್ಬ ವಕೀಲ ತನ್ನ ಐದು ವರ್ಷದ ಮಗ ಡೊನಾಲ್ಡ್‌ನ ವಿಷಯವಾಗಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರಿಗೆ ಒಂದು ಪತ್ರ ಬರೆದ. ಟೈಪು ಮಾಡಿದ 33 ಪುಟಗಳ ಪತ್ರ! ಮಗ ಯಾವಾಗ ಏನು ತಿಂದ, ಯಾವ ವಸ್ತುವನ್ನು ಬುಗುರಿಯಂತೆ ತಿರುಗಿಸುತ್ತ ಕೂಡುತ್ತಾನೆ, ಯಾವ ಮಾತನ್ನು ಮತ್ತೆ ಮತ್ತೆ ಆಡುತ್ತಾನೆ, ಜನ ಬಂದರೂ ಹೇಗೆ ಗಮನಿಸುವುದಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಓದಿದ ವೈದ್ಯರಿಗೆ ಇದು ತಮಗೆ ಗೊತ್ತಿರುವ ಯಾವ ಕಾಯಿಲೆಗೂ ಹೊಂದುವುದಿಲ್ಲ ಅನ್ನಿಸಿತು. 1943ರಲ್ಲಿ ಅವರು 11 ಮಕ್ಕಳ ವಿವರ ಕೊಟ್ಟು ಬರೆದ ಲೇಖನದಿಂದಲೇ ಆಟಿಸಂ ಎಂಬ ಸ್ಥಿತಿ ವೈದ್ಯಲೋಕಕ್ಕೆ ಪರಿಚಯವಾಯಿತು. ಅದರಲ್ಲಿ ಮೊದಲನೆಯ ಮಗು ಡೊನಾಲ್ಡ್. ವಿವರದ ಬಹುಭಾಗ ತಂದೆಯ ಪತ್ರದ್ದು. ಆ ಡೊನಾಲ್ಡ್ ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದ, ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೊಂದು ಸಂಗತಿ ನಾರ್ವೆ ದೇಶದ್ದು. ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು. ಇಬ್ಬರಿಗೂ ಬುದ್ಧಿ ಬೆಳವಣಿಗೆ ಕುಂಠಿತ. ಇಬ್ಬರ ಮೂತ್ರಕ್ಕೂ ಒಂದು ವಿಚಿತ್ರ ವಾಸನೆ ಇರುವುದನ್ನು ಆಕೆ ಗಮನಿಸಿದ್ದಳು. ವೈದ್ಯರಿಂದ ವೈದ್ಯರಿಗೆ ಅಲೆದು ಅದನ್ನೇ ಹೇಳಿದಳು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮೂತ್ರವನ್ನು ಪರೀಕ್ಷಿಸಿ ಫೀನೈಲ್‌ಕೀಟೋನೂರಿಯಾ ಎಂಬ ಹುಟ್ಟುಕಾಯಿಲೆಯನ್ನು ಕಂಡುಹಿಡಿದರು. ಆ ಇಬ್ಬರು ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಆದರೆ ಮುಂದೆ ಹುಟ್ಟಿದಾಗಲೇ ಹಿಮ್ಮಡಿಯ ಒಂದು ಹನಿ ರಕ್ತದಿಂದ ಅದನ್ನು ಗುರುತಿಸಿ, ಪಥ್ಯದಿಂದಲೇ ಮಿದುಳಿನ ಹಾನಿ ತಡೆಯುವುದು ಸಾಧ್ಯವಾಯಿತು.

ನಿಮ್ಮ ನೋಟುಬುಕ್ಕಿನಿಂದ ಹೊಸ ಕಾಯಿಲೆ ಪತ್ತೆಯಾಗಬೇಕಿಲ್ಲ. ನಮ್ಮ ತೊಂದರೆ ಅದಕ್ಕಿಂತ ಸಾದಾ. ಗೋಕಾಕದಿಂದಲೋ ಮೂಡಲಗಿಯಿಂದಲೋ ನಸುಕಿನ ಬಸ್ಸು ಹಿಡಿದು, ಹೆಗಲಮೇಲೆ ಮಗುವನ್ನು ಹಾಕಿಕೊಂಡು ಬೆಳಗಾವಿ ಮುಟ್ಟುತ್ತೀರಿ. ಸಾಲಿನಲ್ಲಿ ಮೂರು ತಾಸು. ವೈದ್ಯರ ಮುಂದೆ ಕೂಡುವುದು ಹೆಚ್ಚೆಂದರೆ ಹತ್ತು ನಿಮಿಷ. 'ಹೇಗಿದ್ದಾನೆ?' ಎಂದು ಅವರು ಕೇಳುತ್ತಾರೆ. 'ಹಂಗs ಅದಾನ್ರೀ' ಎನ್ನುತ್ತೀರಿ. ಎರಡು ತಿಂಗಳ ವೃತ್ತಾಂತ ಎರಡು ಮಾತಿನಲ್ಲಿ ಮುಗಿಯುತ್ತದೆ. ವೈದ್ಯರು ಹಳೆಯ ಚೀಟಿಯನ್ನೇ ಮುಂದುವರಿಸುತ್ತಾರೆ. ಬಸ್ಸು ಹತ್ತಿದ ಮೇಲೆ, ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ನೆನಪಿಗೆ ಬರುತ್ತವೆ.

ಮೂರ್ಛೆ ಬರುವ ಮಗುವಿನ ಮನೆಯಲ್ಲಿ ಬರೆದಿಡುವ ಪುಟ ಹೀಗಿದ್ದರೆ ಸಾಕು:

'ಮಂಗಳವಾರ ನಸುಕಿನ 5-10. ಮೊದಲು ಎಡಗೈ ಜಗ್ಗಿತು, ಆಮೇಲೆ ಇಡೀ ಮೈ. ಕಣ್ಣು ಎಡಕ್ಕೆ. ಎರಡು ನಿಮಿಷ. ಆಮೇಲೆ ಒಂದು ತಾಸು ನಿದ್ದೆ. ಜ್ವರ ಇಲ್ಲ. ಹಿಂದಿನ ರಾತ್ರಿ ಮದುವೆಯಿಂದ ಬಂದದ್ದು ತಡ, ಮಾತ್ರೆ ತಪ್ಪಿತ್ತು.'

ಈ ನಾಲ್ಕು ಸಾಲಿನಲ್ಲಿ ವೈದ್ಯರಿಗೆ ಬೇಕಾದ ಬಹಳಷ್ಟು ಸಂಗತಿ ಇದೆ. ಜಗ್ಗಾಟ ಯಾವ ಕಡೆಯಿಂದ ಶುರುವಾಯಿತು ಎಂಬುದರಿಂದ ಮಿದುಳಿನ ಯಾವ ಭಾಗ ಎಂಬ ಸುಳಿವು ಸಿಗುತ್ತದೆ. ಮಾತ್ರೆ ತಪ್ಪಿದ್ದು ಗೊತ್ತಾದರೆ ಸುಮ್ಮನೆ ಔಷಧದ ಪ್ರಮಾಣ ಏರಿಸುವುದು ತಪ್ಪುತ್ತದೆ. ಮನೆಯಲ್ಲಿ ಮೊಬೈಲ್ ಇದ್ದರೆ, ಮತ್ತೊಬ್ಬರು ಅರ್ಧ ನಿಮಿಷ ಚಿತ್ರ ತೆಗೆದುಕೊಳ್ಳಲಿ.

ಇಲ್ಲಿ ಒಂದು ಎಚ್ಚರಿಕೆ. ಮೊದಲು ಮಗು, ಆಮೇಲೆ ಗಡಿಯಾರ, ಬರೆಯುವುದು ಎಲ್ಲಕ್ಕೂ ಕೊನೆಗೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ. ಬಾಯಲ್ಲಿ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದು ಇವುಗಳಿಂದ ಏನೂ ಆಗುವುದಿಲ್ಲ. ಜಗ್ಗಾಟ ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಮಗುವಿನ ನಡವಳಿಕೆಯದೇ ತೊಂದರೆಯಾದರೆ ಬರೆಯುವ ರೀತಿ ಸ್ವಲ್ಪ ಬೇರೆ. ಆಗುವ ಮೊದಲು ಏನಿತ್ತು, ಆದದ್ದೇನು, ಆದಮೇಲೆ ನಾವು ಏನು ಮಾಡಿದೆವು ಎಂದು ಮೂರು ಭಾಗ ಮಾಡಿಕೊಳ್ಳಿ. ಒಂದು ಉದಾಹರಣೆ ನೋಡಿ. ಮಗು ದಿನಾ ಸಂಜೆ ಕಿವಿ ಮುಚ್ಚಿಕೊಂಡು ಚೀರುತ್ತದೆ. 'ಹಟಮಾರಿ' ಎಂದು ಮನೆಮಂದಿ ತೀರ್ಮಾನಿಸಿದ್ದಾರೆ. ಹತ್ತು ದಿನದ ಪುಟಗಳನ್ನು ಒಟ್ಟಿಗೆ ಓದಿದರೆ, ಚೀರಾಟವೆಲ್ಲ ಆರರಿಂದ ಏಳರ ನಡುವೆ, ಅದೂ ಕಬ್ಬಿನ ಟ್ರ್ಯಾಕ್ಟರುಗಳು ಟೇಪು ಹಚ್ಚಿಕೊಂಡು ಓಣಿಯಲ್ಲಿ ಹಾಯುವ ಹೊತ್ತಿಗೆ! ಕಾರ್ಖಾನೆಯ ಹಂಗಾಮು ಇರುವವರೆಗೆ ಆ ಒಂದು ತಾಸು ಹಿಂದಿನ ಖೋಲಿಯಲ್ಲಿ ಕೂಡಿಸಿದರೆ ಅರ್ಧ ತೊಂದರೆ ಕಡಿಮೆ. ಮಾತು ಬಾರದ ಮಗು ತಲೆ ಚಚ್ಚಿಕೊಳ್ಳುತ್ತಿದ್ದರೆ ಕಿವಿನೋವು, ಹಲ್ಲುನೋವು, ಮಲಬದ್ಧತೆ ಇವನ್ನೂ ನೋಡಬೇಕು. ಕೊನೆಯ ಬಾರಿ ಹೊರಕಡೆ ಹೋದದ್ದು ಯಾವತ್ತು ಎಂಬುದು ಬರೆದಿಟ್ಟವರಿಗೆ ಮಾತ್ರ ಗೊತ್ತಿರುತ್ತದೆ.

ಬರೀ ತೊಂದರೆಗಳನ್ನೇ ಬರೆಯಬೇಡಿ. ವಾರಕ್ಕೊಮ್ಮೆಯಾದರೂ, ಮೊದಲು ಇಲ್ಲದ್ದು ಈಗ ಏನಿದೆ ಎಂದು ಒಂದು ಸಾಲು ಇರಲಿ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. ಅಜ್ಜಿಯ ಕಡೆ ತಿರುಗಿ ನೋಡಿದಳು. ಇಂಥ ಮಕ್ಕಳ ಬೆಳವಣಿಗೆ ತೀರ ನಿಧಾನ. ದಿನಾ ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ. ಎಂಟು ತಿಂಗಳ ಹಿಂದಿನ ಪುಟ ತೆಗೆದಾಗ ಮಾತ್ರ ಕಾಣುತ್ತದೆ.

ಈ ಪುಸ್ತಕ ಔಷಧದ ಡಬ್ಬಿಯ ಪಕ್ಕ, ಎಲ್ಲರ ಕೈಗೆ ಸಿಗುವಲ್ಲಿ ಇರಲಿ. ಗಂಡ, ಅತ್ತೆ, ಅಕ್ಕ ಯಾರು ಬೇಕಾದರೂ ಬರೆಯಲಿ. ಪೆನ್ನಿಗೆ ದಾರ ಕಟ್ಟಿ ಮೊಳೆಗೆ ತೂಗುಹಾಕಿ. ಇಲ್ಲವಾದರೆ ಪೆನ್ನು ಹುಡುಕುವುದರಲ್ಲೇ ಬರೆಯುವ ಉಮೇದು ಹೋಗುತ್ತದೆ. ಮತ್ತೊಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಊರೊಳಗೆ ನುಗ್ಗಿದ್ದು ಯಾರೂ ಮರೆತಿಲ್ಲ. ಅಂಗವಿಕಲರ ಗುರುತಿನ ಚೀಟಿ, ಸ್ಕ್ಯಾನಿನ ವರದಿ, ಹಳೆಯ ಚೀಟಿಗಳು ಒಮ್ಮೆ ನೀರುಪಾಲಾದರೆ ಮತ್ತೆ ಮಾಡಿಸುವುದು ಎಷ್ಟು ಅಲೆದಾಟ! ಇವನ್ನೂ ತುಂಬಿದ ನೋಟುಬುಕ್ಕನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಟ್ಟದ ಮೇಲೆ ಇಡಿ. ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ದೂರದ ಊರಿನ ತಂಗಿಯ ಮೊಬೈಲಿಗೂ ಕಳಿಸಿಡಿ.

ನಿಮಗಾಗಿ ಬರೆಯುವ ಪುಟ

ಎರಡನೆಯ ಪುಸ್ತಕ ಮಾತ್ರ ಯಾರ ಕೈಗೂ ಸಿಗಬಾರದು. ನಾಲ್ಕು ಮಂದಿ ಕೂಡಿರುವ ಮನೆಯಲ್ಲಿ ಇದು ಸುಲಭವಲ್ಲವೆಂದು ಗೊತ್ತು. ಅದಕ್ಕೆ ಉಪಾಯ ಮುಂದೆ ಹೇಳುತ್ತೇನೆ.

1986ರಲ್ಲಿ ಜೇಮ್ಸ್ ಪೆನ್ನಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿನಿ ಸಾಂಡ್ರಾ ಬೀಲ್ ಜೊತೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಸತತವಾಗಿ ಬರೆಯಬೇಕಿತ್ತು. ಕೆಲವರು ಸಾಮಾನ್ಯ ವಿಷಯ ಬರೆದರು. ಕೆಲವರು ಬದುಕಿನಲ್ಲಿ ತಮ್ಮನ್ನು ಬಹಳವಾಗಿ ನೋಯಿಸಿದ ಸಂಗತಿಯನ್ನು, ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಕೂಡಿಸಿ ಬರೆದರು. ಎರಡನೆಯ ಗುಂಪಿನವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಆ ದಿನ ಅವರ ಮನಸ್ಸು ಮತ್ತಷ್ಟು ಭಾರವಾಗಿತ್ತು, ರಕ್ತದ ಒತ್ತಡವೂ ಸ್ವಲ್ಪ ಏರಿತ್ತು. 1999ರಲ್ಲಿ ಆಸ್ತಮಾ ಮತ್ತು ಕೀಲುವಾತದ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲೂ, ಮೂರು ದಿನ ಬರೆದವರಲ್ಲಿ ನಾಲ್ಕು ತಿಂಗಳ ನಂತರ ರೋಗದ ಲಕ್ಷಣಗಳು ಕಡಿಮೆ ಕಂಡವು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪ್ರಯೋಜನ ಇರುವುದು ನಿಜ, ಆದರೆ ಅದು ಚಿಕ್ಕದು ಎಂದು ತಿಳಿದುಬಂತು. ಬರವಣಿಗೆ ಔಷಧವಲ್ಲ. ಖರ್ಚಿಲ್ಲದ, ಅಡ್ಡಪರಿಣಾಮ ಕಡಿಮೆಯಿರುವ ಒಂದು ಸಹಾಯ, ಅಷ್ಟೇ. ಹಾಗೆ ತಿಳಿದೇ ಶುರುಮಾಡಿದರೆ ನಿರಾಶೆ ಇಲ್ಲ.

ಏನು ಬರೆಯಬೇಕು? ಹೊರಗೆ ಆಡಲಾಗದ್ದನ್ನು. 'ಗ್ರಹಣದಾಗ ಹೊರಗ ಬಂದಿದ್ದಳು, ಅದಕ್ಕs ಹಿಂಗಾತು' ಎಂದು ತೊಟ್ಟಿಲ ದಿನವೇ ಯಾರೋ ಅಂದ ಮಾತು ಎಷ್ಟೋ ತಾಯಂದಿರ ಎದೆಯಲ್ಲಿ ಮುಳ್ಳಿನಂತೆ ಉಳಿದಿರುತ್ತದೆ. ಗ್ರಹಣಕ್ಕೂ ಮಗುವಿನ ಮಿದುಳಿಗೂ ಸಂಬಂಧವಿಲ್ಲ. ಹುಟ್ಟುವಾಗ ಉಸಿರು ಕಟ್ಟಿದ್ದು, ದಿನ ತುಂಬುವ ಮೊದಲೇ ಹುಟ್ಟಿದ್ದು, ವರ್ಣತಂತುವಿನ ವ್ಯತ್ಯಾಸ, ಗರ್ಭದಲ್ಲಿದ್ದಾಗ ತಗಲಿದ ಸೋಂಕು, ಕಡು ಕಾಮಾಲೆ ಹೀಗೆ ಕಾರಣಗಳು ಬೇರೆ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಇದು ವೈದ್ಯರ ಬಾಯಿಂದ ಕೇಳಿದರೂ ಮುಳ್ಳು ಹೋಗುವುದಿಲ್ಲ. ಆ ದಿನ ಯಾರು ಅಂದರು, ನೀವು ಆಗ ಎಲ್ಲಿ ನಿಂತಿದ್ದಿರಿ, ಏನು ಉತ್ತರ ಕೊಡಬೇಕೆಂದು ಅನ್ನಿಸಿತು, ಕೊಡದೆ ಯಾಕೆ ಸುಮ್ಮನಾದಿರಿ ಎಂದು ಬರೆದು ನೋಡಿ.

ಇನ್ನೂ ಕಠಿಣವಾದದ್ದು ಇದೆ. ಈ ಮಗು ಹುಟ್ಟದೇ ಇದ್ದರೆ ಚೆನ್ನಾಗಿತ್ತು ಎಂಬ ವಿಚಾರ ಒಂದು ಕ್ಷಣ ಬಂದುಹೋಗುವುದು. ಅದು ಬಂದದ್ದಕ್ಕೆ ತಾಯಿ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಮೂರು ವರ್ಷ ಸರಿಯಾಗಿ ನಿದ್ದೆ ಮಾಡದವರಿಗೆ ಅಂಥ ವಿಚಾರ ಬರುವುದರಲ್ಲಿ ಆಶ್ಚರ್ಯವಿಲ್ಲ. ಬಂದವರು ಕೆಟ್ಟ ತಾಯಿಯೂ ಅಲ್ಲ. ಕಾಗದದ ಮೇಲೆ ಇಳಿದ ವಿಚಾರ ತಲೆಯೊಳಗಿನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಬರೆದ ಪುಟವನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಹರಿದು ಒಲೆಗೆ ಹಾಕಿ. ಕೂಡುಕುಟುಂಬದವರಿಗೆ ನಾನು ಹೇಳುವ ಉಪಾಯ ಇದೇ: ಬಿಡಿ ಹಾಳೆಯಲ್ಲಿ ಬರೆಯಿರಿ, ಬೆಳಗ್ಗೆ ನೀರು ಕಾಯಿಸುವಾಗ ಸುಟ್ಟುಬಿಡಿ.

ಯಾವಾಗ ನಿಲ್ಲಿಸಬೇಕು ಎಂಬುದೂ ತಿಳಿದಿರಲಿ. ಬರೆದು ಪ್ರಯೋಜನ ಪಡೆದವರ ಹಾಳೆಗಳನ್ನು ಪರಿಶೀಲಿಸಿದಾಗ, ದಿನದಿಂದ ದಿನಕ್ಕೆ 'ಯಾಕೆಂದರೆ', 'ಈಗ ತಿಳಿಯಿತು' ಎಂಬಂಥ ಪದಗಳು ಹೆಚ್ಚಾಗುತ್ತ ಹೋದದ್ದು ಕಂಡಿತು. ಅಂದರೆ ಬರವಣಿಗೆ ಮುಂದೆ ಸಾಗುತ್ತಿತ್ತು. ನಿಮ್ಮ ಬರವಣಿಗೆ ಅದೇ ಸಿಟ್ಟನ್ನು ಅದೇ ಮಾತಿನಲ್ಲಿ ಆರು ದಿನ ತಿರುವಿಹಾಕುತ್ತಿದ್ದರೆ, ಬರೆದ ರಾತ್ರಿ ನಿದ್ದೆ ಬರದಿದ್ದರೆ, ಪುಸ್ತಕ ಮುಚ್ಚಿಡಿ. ಮಗುವಿನ ಕಾಯಿಲೆ ಗೊತ್ತಾಗಿ ಇನ್ನೂ ಒಂದೆರಡು ವಾರ ಆಗಿದ್ದರಂತೂ ಒತ್ತಾಯದಿಂದ ಬರೆಯಲು ಕೂಡಬೇಡಿ. ಆಗ ಬೇಕಾದದ್ದು ಪಕ್ಕದಲ್ಲಿ ಕೂಡುವ ಒಬ್ಬ ಮನುಷ್ಯ.

ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಮನಸ್ಸಿಲ್ಲ, ಊಟ ರುಚಿಸುವುದಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದರೆ ಅದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. ಮಗುವನ್ನೂ ಕರೆದುಕೊಂಡು ಸಾಯುವ ವಿಚಾರ ಬಂದರೆ ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಈ ಸಂಖ್ಯೆಯನ್ನು ನೋಟುಬುಕ್ಕಿನ ರಟ್ಟಿನ ಮೇಲೆ ಈಗಲೇ ಬರೆದುಕೊಳ್ಳಿ.

ಗಂಡಸರಿಗೂ ಇದೇ ಮಾತು. ತಂದೆ ಮಾತನಾಡುವುದಿಲ್ಲ, ಹೊಲಕ್ಕೋ ಅಂಗಡಿಗೋ ಹೋಗಿಬಿಡುತ್ತಾನೆ, ಆದ್ದರಿಂದ ಅವನಿಗೆ ನೋವಿಲ್ಲ ಎಂದು ಮನೆಯವರು ತಿಳಿಯುತ್ತಾರೆ. ಆ 33 ಪುಟ ಬರೆದದ್ದು ಒಬ್ಬ ತಂದೆ.

ಕಥೆ, ಕವಿತೆ ಬರೆಯುತ್ತಿದ್ದವರಿಗೆ

ಟ್ರಂಕಿನ ತಳದ ನೋಟುಬುಕ್ಕಿಗೆ ಬರೋಣ. ಈ ಸೀಮೆ ಬರಹಗಾರರಿಗೆ ಬರಗಾಲ ಕಂಡದ್ದಲ್ಲ. ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಗೋಕಾಕ ತಾಲೂಕಿನವರು. ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಇವರ ಹೆಸರು ಕೇಳಿ ಬೆಳೆದವರು ಒಂದಲ್ಲ ಒಂದು ದಿನ ನಾವೂ ಬರೆಯಬೇಕೆಂದು ಕನಸು ಕಂಡಿರುತ್ತಾರೆ. ಮಗುವಿನ ಕಾಯಿಲೆ ಗೊತ್ತಾದ ದಿನ, 'ಇನ್ನೆಲ್ಲಿಯ ಕವಿತೆ' ಎಂದು ಆ ಕನಸನ್ನು ಮಡಚಿಡುತ್ತಾರೆ.

ಜಪಾನಿನ ಕೆಂಜಾಬುರೊ ಓಯೆ 1963ರಲ್ಲಿ ತಂದೆಯಾದರು. ಮಗ ಹಿಕಾರಿ ಹುಟ್ಟುವಾಗಲೇ ತಲೆಬುರುಡೆಯ ದೋಷ. ಶಸ್ತ್ರಚಿಕಿತ್ಸೆ ಆದರೂ ಬುದ್ಧಿ ಬೆಳೆಯುವುದಿಲ್ಲ ಎಂದರು ವೈದ್ಯರು. ಮಗು ಸತ್ತರೆ ಸಾಕೆಂದು ಹಾತೊರೆಯುವ ಒಬ್ಬ ತಂದೆಯ ಕಥೆಯನ್ನು ಓಯೆ ಮರುವರ್ಷವೇ ಕಾದಂಬರಿಯಾಗಿ ಬರೆದರು. ಸುಳ್ಳು ಧೈರ್ಯ ತೋರಿಸದ ಪುಸ್ತಕ ಅದು. ಮಗ ವರ್ಷಗಟ್ಟಲೆ ಮಾತಾಡಲಿಲ್ಲ. ಹಕ್ಕಿಗಳ ಕೂಗಿಗೆ ಮಾತ್ರ ಕಿವಿಗೊಡುತ್ತಿದ್ದ. ಆರನೇ ವರ್ಷದಲ್ಲಿ ಅವನಾಡಿದ ಮೊದಲ ಮಾತು, ಕೂಗಿದ ಒಂದು ಹಕ್ಕಿಯ ಹೆಸರು! ಮುಂದೆ ಹಿಕಾರಿ ಸಂಗೀತ ರಚನಕಾರನಾದ. ತಂದೆಗೆ 1994ರಲ್ಲಿ ನೊಬೆಲ್ ಬಂತು.

ಪರ್ಲ್ ಬಕ್ ಅವರದು ಇನ್ನೊಂದು ಬಗೆ. 1920ರಲ್ಲಿ ಹುಟ್ಟಿದ ಮಗಳು ಕ್ಯಾರೊಲ್‌ಗೆ ಇದ್ದದ್ದು, ಮೇಲೆ ಹೇಳಿದ ನಾರ್ವೆಯ ಮಕ್ಕಳಿಗೆ ಇದ್ದ ಕಾಯಿಲೆಯೇ. ಆಗ ಅದಕ್ಕೆ ಹೆಸರೂ ಇರಲಿಲ್ಲ. ಮಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಕಟ್ಟಲು ಹಣ ಬೇಕಾಗಿತ್ತು. ಪುಸ್ತಕ ಬರೆದು ಸಂಪಾದಿಸಬೇಕೆಂಬ ಹಟಕ್ಕೆ ಅದೂ ಒಂದು ಕಾರಣ. 1938ರಲ್ಲಿ ನೊಬೆಲ್ ಬಂದಾಗಲೂ ಮಗಳ ವಿಷಯ ಬಹಿರಂಗವಾಗಿ ಬರೆದಿರಲಿಲ್ಲ. ಬರೆದದ್ದು 1950ರಲ್ಲಿ, ಮಗಳಿಗೆ ಮೂವತ್ತು ವರ್ಷವಾದಾಗ.

ಅವರಿಗೆ ಕೆಲಸದವರಿದ್ದರು, ನಮಗೆಲ್ಲಿ ಎನ್ನುವಿರಿ. ನಿಜ. ನೊಬೆಲ್ ಪಡೆದವರ ಉದಾಹರಣೆಯಿಂದ ಹುರುಪಿಗಿಂತ ಸಂಕೋಚವೇ ಹೆಚ್ಚಾಗುತ್ತದೆ. ಹಾಗಾದರೆ ನಮ್ಮ ಅಜ್ಜಿಯರನ್ನು ನೆನೆಯಿರಿ. 1931ರಲ್ಲಿ ಹಲಸಂಗಿಯ ಗೆಳೆಯರು ಅಚ್ಚು ಹಾಕಿಸಿದ 'ಗರತಿಯ ಹಾಡು' ಸಂಗ್ರಹದ ತ್ರಿಪದಿಗಳನ್ನು ಕಟ್ಟಿದವರಾರು? ಓದು ಬರಹ ತಿಳಿಯದ, ಒಂದು ಗಳಿಗೆ ಪುರುಸೊತ್ತಿಲ್ಲದ ಹೆಣ್ಣುಮಕ್ಕಳು. ಕೈ ಬೀಸುತ್ತಿತ್ತು, ಬಾಯಿ ಕಟ್ಟುತ್ತಿತ್ತು. ತವರಿನ ನೆನಪು, ಹಸುಗೂಸು, ಅತ್ತೆಯ ಕಾಟ ಎಲ್ಲವೂ ಮೂರು ಸಾಲಿನಲ್ಲಿ. ಪುರುಸೊತ್ತಾದ ಮೇಲೆ ಬರೆಯುತ್ತೇನೆ ಎಂದು ಅವರು ಕಾದಿದ್ದರೆ ಒಂದು ಹಾಡೂ ನಮಗೆ ಉಳಿಯುತ್ತಿರಲಿಲ್ಲ.

ಆದ್ದರಿಂದ ಕಾದಂಬರಿಯನ್ನು ಸದ್ಯಕ್ಕೆ ಬದಿಗಿಡಿ. ಮೂರು ಸಾಲು ಬರೆಯಿರಿ. ಕಾಲಿಗೆ ಎಣ್ಣೆ ತಿಕ್ಕಿ ವ್ಯಾಯಾಮ ಮಾಡಿಸುವಾಗ, ಬಸ್ಸಿನಲ್ಲಿ ಕೂತಾಗ ಒಂದು ಸಾಲು ಹೊಳೆದರೆ ಬಾಯಲ್ಲೇ ಆಡಿಕೊಳ್ಳುತ್ತಿರಿ. ಮೊಬೈಲಿನಲ್ಲಿ ಧ್ವನಿ ಹಿಡಿದಿಡುವುದು ಈಗ ಹುಡುಗರಿಗೂ ಗೊತ್ತು. ಮಗುವಿನ ಕಾಯಿಲೆಯನ್ನೇ ಬರೆಯಬೇಕೆಂದಿಲ್ಲ. ಹಿಡಕಲ್ ಜಲಾಶಯದ ನೀರು, ಓಣಿಯ ಜಗಳ, ಬಾಲ್ಯದ ಗೆಳತಿ, ಏನಾದರೂ ಬರಲಿ. ಮಗುವಿನಿಂದ ಅರ್ಧ ತಾಸು ಬೇರೆ ಕಡೆ ಹೋಗಿಬರುವುದೇ ಎಷ್ಟೋ ಸಲ ಬರವಣಿಗೆಯ ದೊಡ್ಡ ಉಪಕಾರ.

ಮಗುವಿನ ವಿಷಯವನ್ನೇ ಬರೆದು ಪತ್ರಿಕೆಗೆ ಕಳಿಸುವಿರಾದರೆ ಒಮ್ಮೆ ಯೋಚಿಸಿ. ಮಗುವಿನ ಹೆಸರು, ಶಾಲೆ, ಬಟ್ಟೆ ಹೊಲಸು ಮಾಡಿಕೊಂಡ ಪ್ರಸಂಗ ಅಚ್ಚಾದರೆ ನಾಳೆ ಅವನ ಅಣ್ಣನ ಸಹಪಾಠಿಗಳೂ ಓದುತ್ತಾರೆ. ಮಗುವೇ ದೊಡ್ಡದಾಗಿ ಓದಬಹುದು. ಅದರ ಒಪ್ಪಿಗೆ ಕೇಳುವ ಹಾಗಿಲ್ಲವಾದರೆ, ನಿಮ್ಮ ವಿಷಯವೇ ಇಂಥದನ್ನು ಮತ್ತೊಬ್ಬರು ಬರೆದರೆ ಹೇಗನಿಸೀತು ಎಂದು ಕೇಳಿಕೊಳ್ಳಿ.

ನಡುವೆ ಬಿಟ್ಟುಹೋದರೆ

ಬಿಟ್ಟೇ ಹೋಗುತ್ತದೆ. ಮಗುವಿಗೆ ನ್ಯುಮೋನಿಯಾ ಆಗುತ್ತದೆ, ನಾದಿನಿಯ ಮದುವೆ ಬರುತ್ತದೆ, ಜಾತ್ರೆ ಬರುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಕೆಲಸ ಮಾಡುತ್ತದೆ. ಹೊಸ ವರ್ಷಕ್ಕೆ ಯಾರೋ ಕೊಟ್ಟ, ತಾರೀಖು ಅಚ್ಚಾದ ಡೈರಿಯನ್ನು ಬಳಸಬೇಡಿ. ಖಾಲಿ ಬಿದ್ದ ಒಂದೊಂದು ತಾರೀಖೂ ನಿಮ್ಮನ್ನು ಅಣಕಿಸುತ್ತದೆ. ಮಕ್ಕಳು ಬಳಸುವ ಗೆರೆಯ ನೋಟುಬುಕ್ಕು ಸಾಕು. ತಿಂಗಳ ನಂತರ ಬರೆದರೂ ಹಿಂದಿನ ಸಾಲಿನ ಕೆಳಗೇ ಮುಂದುವರಿಯುತ್ತದೆ. ಬಿಟ್ಟ ದಿನಗಳನ್ನು ತುಂಬಲು ಹೋಗಬೇಡಿ.

ಹೊತ್ತು ಹುಡುಕಬೇಡಿ, ದಿನಾ ತಪ್ಪದ ಕೆಲಸಕ್ಕೆ ಗಂಟುಹಾಕಿ. ರಾತ್ರಿಯ ಮಾತ್ರೆ ಕೊಟ್ಟ ಕೂಡಲೇ ಒಂದು ಸಾಲು. ಇನ್ನು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಬೇಕಾದರೆ ಅದನ್ನು ಕೇಳಿಯೇ ಪಡೆಯಬೇಕು. 'ರವಿವಾರ ನಾಲ್ಕಕ್ಕೆ ಇವನನ್ನ ಅರ್ಧ ತಾಸು ನೋಡ್ಕೊಳ್ರಿ' ಎಂದು ಗಂಡನಿಗೋ ಮೈದುನನಿಗೋ ಹೇಳಿ. ಯಾಕೆಂದು ಕೇಳಿದರೆ ಬರೆಯುವುದಿದೆ ಎನ್ನಿ. ನಾಚಿಕೊಂಡು 'ತಲೆನೋವು' ಎನ್ನಬೇಡಿ. ಹಾಗೆಂದರೆ ಮುಂದಿನ ವಾರವೂ ತಲೆನೋವೇ ಬರಬೇಕಾಗುತ್ತದೆ.

ಮನೆಯಲ್ಲಿ ಚೆನ್ನಾಗಿರುವ ಇನ್ನೊಂದು ಮಗು ಇದ್ದರೆ ಅದಕ್ಕೂ ಒಂದು ಪುಸ್ತಕ ಕೊಡಿಸಿ. ಎಲ್ಲರ ಗಮನವೂ ತಮ್ಮನ ಮೇಲೆ, ತನ್ನನ್ನು ಕೇಳುವವರಿಲ್ಲ ಎಂಬ ಹುಡುಗಿಯ ಸಿಟ್ಟು ನ್ಯಾಯವಾದದ್ದೇ. ಆ ಪುಸ್ತಕವನ್ನು ನೀವು ತೆರೆದು ಓದಬೇಡಿ.

ಮಗುವಿನದೇ ಒಂದು ಪುಸ್ತಕ

ಕಿವಿ ಕೇಳದ ಮಕ್ಕಳಿಗೆ ಭಾಷೆ ಕಲಿಸುವವರು ಬಹಳ ವರ್ಷಗಳಿಂದ ಬಳಸುತ್ತ ಬಂದ ಒಂದು ಸಾಧನ ಅನುಭವದ ಪುಸ್ತಕ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೂ ಅದು ಒಗ್ಗುತ್ತದೆ. ಗೋಕಾಕ ಜಲಪಾತಕ್ಕೆ ಹೋಗಿಬಂದಿರಿ ಎನ್ನಿ. ಬಸ್ಸಿನ ಟಿಕೆಟ್ಟು, ಕರದಂಟಿನ ಪೊಟ್ಟಣದ ಕಾಗದ ಒಂದು ಪುಟಕ್ಕೆ ಅಂಟಿಸಿ. ಪಕ್ಕದಲ್ಲಿ ನೀರು ಬೀಳುವ ಚಿತ್ರ ಬರೆಯಿರಿ. ಚಿತ್ರ ಚೆನ್ನಾಗಿರಬೇಕಿಲ್ಲ. ಕೆಳಗೆ ದಪ್ಪಕ್ಷರದಲ್ಲಿ 'ನೀರು ಬಿತ್ತು. ಸಪ್ಪಳ ಆಯಿತು. ಅಪ್ಪ ಕರದಂಟು ಕೊಟ್ಟ' ಎಂದು ಬರೆಯಿರಿ. ಮರುದಿನ ಅಜ್ಜಿಗೆ ಮಗು ಆ ಪುಟ ತೋರಿಸಲಿ. ಮಾತು ಬಾರದಿದ್ದರೆ ಬೆರಳಿಟ್ಟು ತೋರಿಸಿದರೂ ಅದು ಸಂಭಾಷಣೆಯೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಗುವಿನ ಜೊತೆ ತಾಯಿಗೂ ತರಬೇತಿ ಕೊಡುತ್ತಾರೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಗಳ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಲ್ಲಿ ವಿಚಾರಿಸಬಹುದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇವನ್ನು ತೆರೆಯಲಾಯಿತು.

ನಾವಿಲ್ಲದ ದಿನಕ್ಕೆ ಒಂದು ಪತ್ರ

ಇಂಥ ಮಕ್ಕಳ ತಂದೆ ತಾಯಿಗಳೆಲ್ಲರ ಮನಸ್ಸಿನಲ್ಲೂ ಇರುವ, ಯಾರೂ ಬಾಯಿಬಿಟ್ಟು ಆಡದ ಪ್ರಶ್ನೆ ಒಂದೇ. ನಮ್ಮ ನಂತರ ಇವನಿಗೆ ಯಾರು? ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಕಾನೂನು ಪ್ರಕಾರ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ. ಜಿಲ್ಲಾಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅದು ಕಾಗದಪತ್ರದ ಕೆಲಸ, ಮಾಡಿಸಿಡಿ.

ಆದರೆ ಪೋಷಕರಾಗಿ ಬರುವ ತಮ್ಮನಿಗೋ ಸೋದರಮಾವನಿಗೋ ಕಾಯಿದೆಯಿಂದ ತಿಳಿಯದ ಸಂಗತಿಗಳಿವೆ. ಅವನ್ನು ಬಲ್ಲವರು ನೀವಿಬ್ಬರೇ. ಅವನ್ನು ಒಂದು ಪತ್ರವಾಗಿ ಬರೆದಿಡಿ. ಒಂದೇ ದಿನಕ್ಕೆ ಬೇಡ, ಮೂರು ತಿಂಗಳು ತೆಗೆದುಕೊಳ್ಳಿ. ಯಾವ ಮಾತ್ರೆ ಎಷ್ಟು, ಯಾವುದು ಮೈಗೆ ಒಗ್ಗಲಿಲ್ಲ. ಯಾವ ಊಟ ಗಂಟಲಿಗೆ ಸಿಕ್ಕುತ್ತದೆ. ನೋವಾದರೆ ಹೇಗೆ ತೋರಿಸುತ್ತಾನೆ. ಏನು ಕಂಡರೆ ಹೆದರುತ್ತಾನೆ. ಯಾರು ಬಂದರೆ ನಗುತ್ತಾನೆ. ಬ್ಯಾಂಕಿನ ಪುಸ್ತಕ, ಗುರುತಿನ ಚೀಟಿ ಎಲ್ಲಿವೆ. ವರ್ಷಕ್ಕೊಮ್ಮೆ, ಅವನ ಹುಟ್ಟಿದ ದಿನ, ಓದಿ ತಿದ್ದಿರಿ. ಒಂದು ಪ್ರತಿ ಆ ತಮ್ಮನ ಮನೆಯಲ್ಲೂ ಇರಲಿ. ರಾತ್ರಿ ನಿದ್ದೆಹೋಗುವಾಗ ಯಾವ ಹಾಡು ಗುನುಗಬೇಕು, ಬೆನ್ನಿನ ಮೇಲೆ ಎಲ್ಲಿ ತಟ್ಟಬೇಕು ಎಂಬುದನ್ನೂ ಬರೆಯಿರಿ.